ಲಗತ್ತು: ಬಾಂಬು ಒಂದು

ಹುಣಸಗುಟ್ಟ ಗ್ರಾಮ ಪಂಚಾಯಿತಿಯ ಅಧ್ಯಕ್ಷರಾದ ಅಪ್ಪಾಜಪ್ಪನವರಿಗೆ ಹುಚ್ಚು ಹಿಡಿದಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಕರೆದ ಸಭೆಗೆ ಅಪ್ಪಾಜಪ್ಪನವರೇ ಅಧ್ಯಕ್ಷತೆ ವಹಿಸಿದ್ದರು. ಕಾಯಿದೆ ಹಾಗಿತ್ತು. ಅಧ್ಯಕ್ಷರು ಊರಲ್ಲಿರುವಾಗ ಆ ಕುರ್ಚಿಯಲ್ಲಿ ಬೇರೆಯವರು ಕೂರುವಂತಿರಲಿಲ್ಲ. ಆದರೆ ಆ ಸಭೆಗೆ ಬರುವ ಮೊದಲು ಕಾರ್ಯದರ್ಶಿ ಸೊಣ್ಣಪ್ಪನ ವಿಷಯ ಹೇಳಬೇಕು, ಏಕೆಂದರೆ ಕೊನೆಗೆ ಕುತ್ತಿಗೆಗೆ ಬಂದದ್ದು ಅವನಿಗೇ.

ಸೊಣ್ಣಪ್ಪ ಒಳ್ಳೆಯವನು. ಒಳ್ಳೆಯವನು ಎಂದ ಮೇಲೆ ಅವನ ಬಗ್ಗೆ ಹೆಚ್ಚಿಗೆ ಹೇಳುವುದು ಏನೂ ಉಳಿಯುವುದಿಲ್ಲ, ಅವನ ಬರವಣಿಗೆಯೊಂದನ್ನು ಬಿಟ್ಟು. ಪಂಚಾಯಿತಿಯ ನಾಲ್ವರು ಸದಸ್ಯರು ಹೆಬ್ಬೆಟ್ಟು ಒತ್ತುವವರು. ಅಧ್ಯಕ್ಷರಿಗೆ ರುಜು ಹಾಕಲು ಬರುತ್ತಿತ್ತು, ಅದಕ್ಕೆ ಅರ್ಧ ಗಳಿಗೆ ಹಿಡಿಯುತ್ತಿತ್ತು. ಉಳಿದದ್ದೆಲ್ಲ ಸೊಣ್ಣಪ್ಪನ ಪಾಲು. ಮೂರು ವರ್ಷದ ಹಿಂದೆ ಒಬ್ಬ ಇನ್‌ಸ್ಪೆಕ್ಟರು ಬಂದು ನಡವಳಿ ಪುಸ್ತಕ ತೆರೆದು, "ಚರ್ಚೆ ನಡೆಯಿತು ಅಂತ ಬರೆದಿದ್ದೀಯಲ್ಲ, ಆ ಚರ್ಚೆ ಎಲ್ಲಯ್ಯ? ನುಂಗಿಬಿಟ್ಟೆಯಾ?" ಎಂದು ಎಲ್ಲರೆದುರು ಕೇಳಿದ್ದರು. ಅಂದಿನಿಂದ ಸೊಣ್ಣಪ್ಪ ಏನನ್ನೂ ನುಂಗಲಿಲ್ಲ. ಸಭೆಯಲ್ಲಿ ಯಾರ ಬಾಯಿಂದ ಏನು ಬಂದರೂ ಪುಸ್ತಕಕ್ಕೆ ಇಳಿಸಿದ. "ಇಲ್ಲಿ ಅಧ್ಯಕ್ಷರು ಎರಡು ಸಲ ಕೆಮ್ಮಿದರು" ಎಂಬಂಥ ವಾಕ್ಯಗಳು ಆ ಪುಸ್ತಕದಲ್ಲಿ ಬೇಕಾದಷ್ಟಿವೆ. ತಿಂಗಳಿಗೊಮ್ಮೆ ಅದರ ನಕಲು ತಾಲ್ಲೂಕು ಕಚೇರಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಯಾರೂ ಓದುತ್ತಿರಲಿಲ್ಲವಾದ್ದರಿಂದ ಎಲ್ಲರೂ ಸುಖವಾಗಿದ್ದರು. ಯಾವ ತಾಲ್ಲೂಕು ಎಂದು ನಾನು ಹೇಳುವುದಿಲ್ಲ. ಕೋಲಾರ ಜಿಲ್ಲೆಯದು ಅಂದರೆ ಸಾಕು. ಹೆಸರು ಹೇಳಿದರೆ ಅಲ್ಲಿದ್ದವರ ಮೊಮ್ಮಕ್ಕಳು ನಮ್ಮ ಮನೆಗೆ ಬರುತ್ತಾರೆ.

ಸಾವಿರದ ಒಂಬೈನೂರ ನಲವತ್ತೈದನೆಯ ಇಸವಿ, ಶ್ರಾವಣ ಮಾಸ. ಅಪ್ಪಾಜಪ್ಪನವರು ಹುಣಸೆಹಣ್ಣು ಮಾರಲು ಮಾಲೂರಿಗೆ ಹೋಗಿದ್ದವರು ರೈಲ್ವೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಪಕ್ಕದ ಮೇಜಿನವರು ಪತ್ರಿಕೆ ಗಟ್ಟಿಯಾಗಿ ಓದಿದರು. ಜಪಾನು ದೇಶದ ಒಂದು ಪಟ್ಟಣದ ಮೇಲೆ ಒಂದೇ ಒಂದು ಬಾಂಬು ಹಾಕಿದ್ದರಂತೆ, ಪಟ್ಟಣವೇ ಇಲ್ಲವಂತೆ. ಅಪ್ಪಾಜಪ್ಪನವರು ಆ ಪತ್ರಿಕೆಯನ್ನು ಬೇಡಿ ಪಡೆದು, ನಾಲ್ಕು ಮಡಿಕೆ ಮಾಡಿ, ಜೇಬಿನಿಂದ ಅರ್ಧ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ಊರಿಗೆ ಬಂದರು. ಬಂದಾಗಿನಿಂದ ಆ ವಿಷಯದಲ್ಲಿ ಹುಣಸಗುಟ್ಟಕ್ಕೆ ಅವರೇ ಪಂಡಿತರು.

"ರಾಗಿಕಾಳು ತಗೋ," ಎಂದು ಅರಳಿಕಟ್ಟೆಯಲ್ಲಿ ಪಾಠ ಹೇಳಿದರು. "ಅದನ್ನ ಒಡಿ. ಅರ್ಧದಲ್ಲಿ ಅರ್ಧ ಒಡಿ. ಹಂಗೇ ಒಡೀತಾ ಹೋಗು. ಕೊನೆಗೊಂದು ಉಳೀತದಲ್ಲ, ಅದು ಆಟಂ. ಅದನ್ನ ಒಡುದ್ರೆ ಊರು ಹೋಯ್ತದೆ."

"ನಮ್ಮತ್ತೆ ನಲವತ್ತು ವರ್ಷ ರಾಗಿ ಬೀಸವ್ಳೆ, ಊರು ಹೋಗ್ಲಿಲ್ವಲ್ಲ," ಎಂದ ಮುನಿಶಾಮಿ. ಅವನು ಸದಸ್ಯರಲ್ಲಿ ಚಿಕ್ಕವನು. ಸಂದೇಹಗಳು ಅವನಿಗೆ ಬೇಗ ಬರುತ್ತಿದ್ದವು.

"ನಿಮ್ಮತ್ತೆ ಅಷ್ಟು ಸಣ್ಣಕೆ ಬೀಸ್ಲಿಲ್ಲ ಕಣ್ಲಾ," ಎಂದರು ಅಪ್ಪಾಜಪ್ಪ.

ಅಪ್ಪಾಜಪ್ಪನವರ ಹೆಂಡತಿ ಅಕ್ಕಯಮ್ಮ ನೀರಿನ ಬಿಂದಿಗೆ ಹೊತ್ತು ಆ ದಾರಿಯಾಗಿ ಹೋಗುತ್ತಿದ್ದವರು ನಿಂತು, "ಆ ಊರಲ್ಲಿ ಹೆಂಗಸ್ರು ಮಕ್ಕಳು ಇರ್ಲಿಲ್ವಾ?" ಎಂದು ಕೇಳಿದರು. ಅಪ್ಪಾಜಪ್ಪನವರು ಪತ್ರಿಕೆಯ ಮಡಿಕೆ ಸರಿಮಾಡಿಕೊಂಡರು. ಅಕ್ಕಯಮ್ಮ ಸ್ವಲ್ಪ ಹೊತ್ತು ಕಾದು ಹೊರಟುಹೋದರು.

ಅದೇ ತಿಂಗಳ ಸಭೆಗೆ ಬಂದ ವಿಷಯ ಕೆರೆಮಣ್ಣಿನದು. ಪಕ್ಕದ ಬೇವುಕುಂಟೆಯವರು ನಮ್ಮ ಕೆರೆಯ ಅಂಗಳದಿಂದ ಗಾಡಿ ಗಾಡಿ ಜೇಡಿಮಣ್ಣು ಹೊಡೆದು ಮಾಲೂರಿನ ಕಡೆಯ ಇಟ್ಟಿಗೆ ಗೂಡುಗಳಿಗೆ ಹಾಕುತ್ತಿದ್ದರು. ಕೆರೆ ಯಾರದು ಎಂಬ ಬಗ್ಗೆ ಎರಡೂರಿಗೂ ಮೊದಲಿನಿಂದ ಒಮ್ಮತವಿರಲಿಲ್ಲ. ಅಪ್ಪಾಜಪ್ಪನವರು ಎದ್ದು ನಿಂತು ಜೇಬಿನ ಪತ್ರಿಕೆ ಮುಟ್ಟಿಕೊಂಡು ಹೇಳಿದರು: "ಇನ್ನೊಂದು ಗಾಡಿ ನಮ್ಮ ಕೆರೆಗೆ ಇಳೀಲಿ. ಆಟಂ ಬಾಂಬು ಹಾಕಿ ಬೇವುಕುಂಟೆ ಅನ್ನೋ ಊರೇ ಇಲ್ದಂಗೆ ಮಾಡ್ತೀನಿ. ಎಲ್ಲೈತೆ ಅಂತ ಕೇಳ್ಬೇಡಿ. ಐತೆ."

ಸದಸ್ಯರು ತಲೆಯಾಡಿಸಿದರು. ಸೊಣ್ಣಪ್ಪ ಬರೆದ: "ಮಣ್ಣಿನ ಗಾಡಿಗಳು ನಿಲ್ಲದಿದ್ದಲ್ಲಿ ಅಧ್ಯಕ್ಷರು ಬೇವುಕುಂಟೆಯ ಮೇಲೆ ಆಟಂ ಬಾಂಬು ಹಾಕುವುದಾಗಿಯೂ, ಸದರಿ ಬಾಂಬು ಇರುವುದಾಗಿಯೂ ತಿಳಿಸಿದರು. ಸಭೆ ಸರ್ವಾನುಮತದಿಂದ ಒಪ್ಪಿತು." ಕೆಳಗೆ ನಾಲ್ಕು ಹೆಬ್ಬೆಟ್ಟು, ಒಂದು ರುಜು.

ಆ ತಿಂಗಳು ತಾಲ್ಲೂಕಿಗೆ ಹೊಸ ಅಮಲ್ದಾರರು ಬಂದಿದ್ದರು. ಅವರಿಗೆ ಬಂದ ಕಾಗದವನ್ನೆಲ್ಲ ಓದುವ ಅಭ್ಯಾಸವಿತ್ತು. ನೌಕರಿಯಲ್ಲಿ ಇನ್ನೂ ಎಳಸು.

ಹದಿನೈದು ದಿನಕ್ಕೆ ಅಮಲ್ದಾರರ ಕಚೇರಿಯಿಂದ ಡವಾಲಿ ಜವಾನನ ಕೈಯಲ್ಲಿ ಪತ್ರ ಬಂತು. ಅದರಲ್ಲಿ ಒಂದೇ ಪ್ರಶ್ನೆ. ಅಧ್ಯಕ್ಷರ ಬುದ್ಧಿ ಸ್ವಾಧೀನದಲ್ಲಿದೆಯೇ? ಇದ್ದಲ್ಲಿ, ಅವರ ಮಾತು ನಿಜವೆಂದಾಯಿತು, ಆ ಬಾಂಬನ್ನು ಕೂಡಲೇ ಕಚೇರಿಗೆ ಒಪ್ಪಿಸಬೇಕು. ಇಲ್ಲದಿದ್ದಲ್ಲಿ, ಅವರು ಕುರ್ಚಿ ಬಿಡಬೇಕು, ಅವರನ್ನು ಬೆಂಗಳೂರಿನ ಹುಚ್ಚಾಸ್ಪತ್ರೆಗೆ ತೋರಿಸಬೇಕು. ಸಭೆ ಸೇರಿ ತೀರ್ಮಾನ ಮಾಡಿ ಉತ್ತರ ಕಳಿಸತಕ್ಕದ್ದು.

ಪತ್ರದಲ್ಲಿ ಏನಿದೆ ಎಂಬುದು ಡವಾಲಿಯವನು ಊರ ಬಾಗಿಲು ದಾಟುವಷ್ಟರಲ್ಲಿ ಎಲ್ಲರಿಗೂ ಗೊತ್ತಾಯಿತು. ಆಮೇಲೆ ಒಂದು ವಾರ ಊರಿಗೆ ಊರೇ ಅಧ್ಯಕ್ಷರನ್ನು ಪರೀಕ್ಷೆ ಮಾಡಿತು. ಅವರು ಎಮ್ಮೆಯ ಜೊತೆ ಮಾತಾಡಿದ್ದನ್ನು ಇಬ್ಬರು ನೋಡಿದರು. ಊರಿನಲ್ಲಿ ಎಮ್ಮೆಯ ಜೊತೆ ಮಾತಾಡದವರು ಯಾರೂ ಇರಲಿಲ್ಲ, ಆದರೂ ನೋಡಿದರು. ಮುನಿಶಾಮಿ ಬಂದು, "ಅಣ್ಣಾ, ಇವತ್ತು ಯಾವ ವಾರ?" ಎಂದು ಕೇಳಿದ. ಹಿರಿಯ ಸದಸ್ಯರಾದ ಗುರುವಪ್ಪ ಮುಳಬಾಗಿಲಿನ ಆಚೆಯವರು, ತೆಲುಗು ಬೆರೆಸದೆ ಅವರಿಗೆ ಮಾತು ಬರುತ್ತಿರಲಿಲ್ಲ. ಅವರೂ ಬಂದು, ಎರಡು ಬೆರಳು ತೋರಿಸಿ, "ಇವಿ ಎನ್ನಿ, ಅಪ್ಪಾಜಪ್ಪ? ಎಷ್ಟವೆ ಹೇಳು," ಎಂದರು. ಮೂರನೆಯವರು ಬಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪಾಜಪ್ಪನವರು ಬಾರುಕೋಲು ಎತ್ತಿಕೊಂಡರು. ಸಿಟ್ಟು ಜಾಸ್ತಿಯಾಗಿದೆ, ಅದೂ ಒಂದು ಲಕ್ಷಣವೇ ಎಂದು ಊರು ಲೆಕ್ಕ ಹಾಕಿತು.

ಬೇವುಕುಂಟೆಯವರು ಬೇರೆ ರೀತಿ ಲೆಕ್ಕ ಹಾಕಿದರು. ಸರ್ಕಾರವೇ ಬಾಂಬು ಒಪ್ಪಿಸು ಎಂದು ಕಾಗದ ಬರೆದಿದೆ ಎಂದ ಮೇಲೆ ಬಾಂಬು ಇರಲೇಬೇಕು. ಅವರ ಗಾಡಿಗಳು ಕೆರೆಗೆ ಇಳಿಯುವುದು ಅಂದೇ ನಿಂತಿತು. ಅವರ ಅಧ್ಯಕ್ಷ ರಾಮಚಂದ್ರಪ್ಪ ಬಾಳೆಹಣ್ಣು ಹಿಡಿದು ಯೋಗಕ್ಷೇಮ ವಿಚಾರಿಸಲು ಬಂದ. ಮಾತಾಡುತ್ತಿದ್ದಷ್ಟು ಹೊತ್ತೂ ಅವನ ಕಣ್ಣು ಅಟ್ಟದ ಮೇಲಿತ್ತು.

"ಎಲ್ಲಿಟ್ಟಿದ್ದೀರಾ ಅಂತ ಕೇಳಲ್ಲ ಬಿಡಿ, ಬಾವಾ," ಎಂದ. "ಒಲೆ ಹತ್ರ ಇಡ್ಬೇಡಿ, ಅಷ್ಟೇ."

"ಅದೆಲ್ಲ ನಮಗೆ ಗೊತ್ತೈತೆ," ಎಂದರು ಅಪ್ಪಾಜಪ್ಪ.

ಅವರ ಸಂಕಟ ಇಲ್ಲಿತ್ತು. ಬಾಂಬು ಇಲ್ಲ ಎಂದರೆ ನಾಳೆಯೇ ಗಾಡಿಗಳು ಕೆರೆಗೆ ಇಳಿಯುತ್ತವೆ. ಇದೆ ಎಂದರೆ ತಂದು ಕೊಡಬೇಕು. ಮಾತಿಗೆ ಹೇಳಿದೆ ಎಂದರೆ ಬೆಂಗಳೂರಿನ ಹುಚ್ಚಾಸ್ಪತ್ರೆ. ಹೀಗೆ ಮೂರು ಕಡೆಯೂ ಮುಚ್ಚಿದ ಮೇಲೆ ಸಭೆ ಸೇರಿತು.

ಚಾವಡಿ ತುಂಬಿತ್ತು. ಸೊಣ್ಣಪ್ಪ ಪುಸ್ತಕ ಬಿಡಿಸಿಕೊಂಡು ಕೂತ. ಮೊದಲ ಸಾಕ್ಷಿಯಾಗಿ ಅಕ್ಕಯಮ್ಮನವರನ್ನು ಕರೆದರು.

"ಊಟ ಮಾಡ್ತಾರೆ, ನಿದ್ದೆ ಮಾಡ್ತಾರೆ," ಎಂದರು ಅಕ್ಕಯಮ್ಮ. "ಹಸೂಗೆ ಹುಲ್ಲು ಹಾಕ್ತಾರೆ. ಬುದ್ಧಿಗೇನೂ ಆಗಿಲ್ಲ."

"ಹಂಗಾದ್ರೆ ಸ್ವಾಧೀನದಲ್ಲೈತೆ ಅಂತ ಬರ್ಕೊಳ್ಳಯ್ಯ," ಎಂದರು ಅಧ್ಯಕ್ಷರು.

"ಇನ್ನೂ ಮುಗೀಲಿಲ್ಲ," ಎಂದರು ಅಕ್ಕಯಮ್ಮ. "ಒಂದು ಊರಿಗೆ ಊರೇ ಸುಡ್ತೀನಿ ಅಂದ್ರು. ನೀವು ನಾಲ್ಕೂ ಜನ ಕೂತ್ಕೊಂಡು ಹೆಬ್ಬೆಟ್ಟು ಒತ್ತಿದ್ರಿ. ಬೇವುಕುಂಟೆ ನನ್ನ ತಂಗಿ ಕೊಟ್ಟಿರೋ ಊರು. ಹುಚ್ಚು ಯಾರಿಗೆ ಅಂತ ಆಸ್ಪತ್ರೆಗೆ ತೋರಿಸೋದಾದ್ರೆ ಐದು ಜನಾನೂ ಒಂದೇ ಗಾಡೀಲಿ ಹೋಗಿ."

ಸೊಣ್ಣಪ್ಪನ ಲೇಖನಿ ಆ ಮಾತನ್ನೂ ಪುಸ್ತಕಕ್ಕೆ ಇಳಿಸಿತು. ನನಗೆ ಕೇಳಿದರೆ ಅಂದಿನ ಸಭೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸಭೆಗಳು ಸರಿಯಾದ ಮಾತು ಬಂದ ಕೂಡಲೇ ಮುಗಿಯುವುದು ಎಲ್ಲೂ ಇಲ್ಲ.

ಗುರುವಪ್ಪ ಗಂಟಲು ಸರಿಮಾಡಿಕೊಂಡರು. "ನಾ ಮಾಟ ವಿನಂಡಿ. ನನ್ನ ಮಾತು ಕೇಳಿ. ಅಧ್ಯಕ್ಷರು ಅಂದಿದ್ದು ಏನೋ, ಇವ್ನು ಬರೆದಿದ್ದು ಏನೋ. ಅಂದಾಗ ಅದು ಗಾಳಿಗೆ ಹೋಯ್ತು. ಬರೆದಿದ್ದಕ್ಕೆ ತಾನೇ ಅಮಲ್ದಾರ್ರು ಕೇಳ್ತಿರೋದು? ಸಭೇಲಿ ಕೆಮ್ಮಿದ್ದೂ ಬರೀತಾನೆ ಇವ್ನು. ಬುದ್ಧಿ ನೆಟ್ಟಗಿರೋನು ಕೆಮ್ಮು ಬರೀತಾನಾ?"

ಎಲ್ಲರ ಮುಖವೂ ಸೊಣ್ಣಪ್ಪನ ಕಡೆ ತಿರುಗಿತು. ಅಪ್ಪಾಜಪ್ಪನವರ ಮುಖದಲ್ಲಿ ಒಂದು ವಾರದಿಂದ ಇಲ್ಲದ ಕಳೆ ಬಂತು.

"ಹುಚ್ಚು ಸೊಣ್ಣಪ್ಪನಿಗೆ," ಎಂದ ಮುನಿಶಾಮಿ, ಇದ್ದಕ್ಕಿದ್ದ ಹಾಗೆ ಎಲ್ಲ ಸಂದೇಹ ಬಗೆಹರಿದವನಂತೆ.

"ನಂಗೂ ಮೊದಲಿಂದ ಅನುಮಾನ ಇತ್ತು," ಎಂದರು ಅಧ್ಯಕ್ಷರು. "ಬರ್ಕೋ ಸೊಣ್ಣಪ್ಪ. ಕಾರ್ಯದರ್ಶಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಕೆಲಸದಿಂದ ತೆಗೆದು ಬೆಂಗಳೂರಿಗೆ ಕಳಿಸ್ಬೇಕು ಅಂತ ಸಭೆ ತೀರ್ಮಾನ ಮಾಡ್ತು."

ಸೊಣ್ಣಪ್ಪನ ಹೆಂಡತಿ ಮುನಿಗಂಗಮ್ಮ ಚಾವಡಿಯ ಕಂಬಕ್ಕೆ ಆತುಕೊಂಡು ನಿಂತಿದ್ದಳು. ಸೆರಗು ಬಾಯಿಗೆ ಬಂತು. ಸೊಣ್ಣಪ್ಪ ಮಾತ್ರ ಬಗ್ಗಿ ಬರೆಯುತ್ತಲೇ ಇದ್ದ. "ಕಾರ್ಯದರ್ಶಿಗೆ ಬುದ್ಧಿ ಸ್ವಾಧೀನದಲ್ಲಿ" ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ಅವನಿಗೆ ಅಳು ಬರಬೇಕಾಗಿತ್ತು. ಬಂದದ್ದು ಕಚೇರಿಯ ಒಂದು ಸಂದೇಹ.

"ಸ್ವಾಮೀ, ಇದನ್ನ ನಾನು ಬರೀಬೋದಾ?"

"ಇನ್ಯಾರು ಬರೀತಾರೆ? ನಮಗೆ ಬರ್ತದಾ?"

"ಹಂಗಲ್ಲ. ನಂಗೆ ಹುಚ್ಚು ಅಂತ ಹುಚ್ಚನೇ ಬರೆದ್ರೆ ಅದು ನಡೀತದಾ ಅಂತ. ಮತ್ತೆ ಹಿಂದೆ ಬರೆದಿದ್ದೂ ನಡೀಬೇಕಲ್ಲ. ಆರು ವರ್ಷದಿಂದ ನಾನೇ ಬರೆದಿರೋದು. ಗುರುವಪ್ಪನೋರ ಕಣದ ಜಾಗ, ಮುನಿಶಾಮಿಯಣ್ಣನ ಬಾವಿ, ನೀವು ಅಧ್ಯಕ್ಷರಾಗಿ ಆರಿಸಿ ಬಂದ ನಡವಳಿ. ಎಲ್ಲ ನನ್ನ ಕೈಬರಹ."

ಇದು ಜಾಣತನದ ಮಾತಲ್ಲ. ಸೊಣ್ಣಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಕೇಳಿದ, ಅಷ್ಟೇ. ಆದರೆ ಗುರುವಪ್ಪ ತಮ್ಮ ಕಣ ನೆನೆದು ಕೂತಲ್ಲೇ ಜರುಗಿದರು. ಮುನಿಶಾಮಿಗೆ ಬಾವಿಯ ಬಗ್ಗೆ ಹೊಸ ಸಂದೇಹ ಹುಟ್ಟಿತು. ಅಪ್ಪಾಜಪ್ಪನವರು ಕುರ್ಚಿಯ ಎರಡೂ ಕೈ ಹಿಡಿದುಕೊಂಡರು.

"ಸೊಣ್ಣಪ್ಪನಿಗೆ ಏನೂ ಆಗಿಲ್ಲ," ಎಂದರು ಗುರುವಪ್ಪ.

"ಆಗಿಲ್ಲ," ಎಂದಿತು ಸಭೆ.

"ಹಂಗಾದ್ರೆ ಯಾರಿಗೆ?" ಎಂದ ಮುನಿಶಾಮಿ. ಮತ್ತೆ ಎಲ್ಲರೂ ಅಧ್ಯಕ್ಷರನ್ನು ನೋಡತೊಡಗಿದರು.

"ಅದನ್ನ ಒಪ್ಪಿಸಿಬಿಟ್ರೆ?" ಎಂದ ಸೊಣ್ಣಪ್ಪ, ಗೆರೆ ಹೊಡೆದ ಸಾಲಿನ ಮೇಲೆ ಶಾಯಿ ಆರಲು ಮರಳು ಉದುರಿಸುತ್ತ. "ಕೊಡಿ ಅಂತ ಕೇಳವ್ರೆ. ಕೊಟ್ರೆ ಇತ್ತು ಅಂತಾಯ್ತು. ಅಧ್ಯಕ್ಷರು ಹೇಳಿದ್ದು ನಿಜ, ನಾನು ಬರೆದಿದ್ದೂ ನಿಜ. ಯಾರಿಗೂ ಏನೂ ಆಗಿಲ್ಲ."

"ಎಲ್ಲಿಂದ ತರೋದಯ್ಯ?"

ಅದನ್ನು ಸೊಣ್ಣಪ್ಪ ಯೋಚಿಸಿರಲಿಲ್ಲ. ನಮ್ಮ ಕಡೆಯವರಿಗೆ ಏನಾದರೂ ಹೊಸದಾಗಿ ಆಗಬೇಕು ಎಂದರೆ, ಅದು ದೇವರಾಗಲಿ ದೀಪದ ಕಂಬವಾಗಲಿ, ನೆನಪಾಗುವುದು ಶಿವಾರಪಟ್ಟಣ. ಅಲ್ಲಿಯ ಕಲ್ಲುಕೆಲಸದವರು ಕೊಡದ ಆಕಾರವಿಲ್ಲ. ಮರುದಿನ ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಅಪ್ಪಾಜಪ್ಪ, ಗುರುವಪ್ಪ, ಸೊಣ್ಣಪ್ಪ ಮೂವರೂ ಹೊರಟರು.

ಶಿಲ್ಪಿ ಕದಿರಾಚಾರಿ ಉಳಿ ಕೆಳಗಿಟ್ಟು ಎಲ್ಲವನ್ನೂ ಸಮಾಧಾನವಾಗಿ ಕೇಳಿದ. ಅವನಿಗೆ ಅದು ಆಶ್ಚರ್ಯದ ವಿಷಯವಾಗಿ ಕಾಣಲಿಲ್ಲ. ಅವನ ಕಷ್ಟವೇ ಬೇರೆ.

"ಪ್ರಮಾಣ ಏನು?" ಎಂದ.

"ದುಂಡಗಿದ್ರೆ ಸಾಕು," ಎಂದರು ಅಪ್ಪಾಜಪ್ಪ.

"ಹಂಗೆಲ್ಲ ಮಾಡಕ್ಕಾಗಲ್ಲ ಸ್ವಾಮಿ. ನಿಂತಿರೋದಾ, ಕೂತಿರೋದಾ?"

"ಬೀಳೋದು."

"ಬೀಳೋ ಮೂರ್ತಿ ನಮ್ಮ ತಾತನ ಕಾಲದಿಂದ ಯಾರೂ ಮಾಡಿಲ್ಲ. ಕೈ ಎಷ್ಟು? ಕೈಯಲ್ಲಿ ಆಯುಧ ಏನು?"

"ಅದೇ ಆಯುಧ ಕಣಪ್ಪ. ಕೈ ಲೇದು, ಒಂದೂ ಇಲ್ಲ," ಎಂದರು ಗುರುವಪ್ಪ.

"ವಾಹನ?"

"ಏರೋಪ್ಲೇನು," ಎಂದ ಸೊಣ್ಣಪ್ಪ.

ಕದಿರಾಚಾರಿ ಉಳಿ ಎತ್ತಿಕೊಂಡ. ಲಕ್ಷಣ ಗೊತ್ತಿಲ್ಲದ್ದನ್ನು ಕಡೆದರೆ ಕೈಗೆ ದೋಷ, ಆಗುವುದಿಲ್ಲ ಎಂದ. ಅವರು ಬಿಡದೆ ಕೂತಾಗ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದ. ಶ್ರೀನಿವಾಸಪುರದ ಕಡೆಯವರು ಕುರುಡುಮಲೆಯ ಗಣಪತಿಯ ಹಾಗೇ ಬೇಕೆಂದು ಹೇಳಿ ಮಾಡಿಸಿದ್ದಂತೆ. ಕೊನೆಯ ದಿನ ಕಲ್ಲಿನ ಎಳೆ ಸೀಳಿ ತಲೆ, ಕೈ, ಕಾಲು ಹೋಗಿ ಹೊಟ್ಟೆಯೊಂದು ಉಳಿದಿತ್ತು. ಮುರಿದದ್ದಕ್ಕೆ ಪೂಜೆ ಇಲ್ಲ, ಕೊಳ್ಳುವವರೂ ಇಲ್ಲ. ಮನೆಯ ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಹಾವು ಸುತ್ತೈತಲ್ಲ," ಎಂದರು ಅಪ್ಪಾಜಪ್ಪ. ಗಣಪತಿಯ ಸೊಂಟದ ಹಾವು ಹಾಗೇ ಇತ್ತು.

"ಇರ್ಲಿ ಬಿಡಿ. ಭಯಕ್ಕೆ ಚೆನ್ನಾಗಿರ್ತದೆ," ಎಂದ ಕದಿರಾಚಾರಿ. ಅವನ ಮನೆಯಿಂದ ಯಾವ ಕಲ್ಲೂ ಬರಿಮೈಯಲ್ಲಿ ಹೊರಗೆ ಹೋದದ್ದಿಲ್ಲ. ಹೊಟ್ಟೆಗೆ ಹುಲ್ಲು ಸುತ್ತಿ, ಮೇಲೆ ಬಿಳಿ ಬಟ್ಟೆ ಕಟ್ಟಿ, ಸೇರುವ ಜಾಗ ಸೇರುವ ತನಕ ಯಾರೂ ಬಿಚ್ಚಬಾರದು, ನೋಡಬಾರದು, ಗಾಡಿ ಕುಲುಕಬಾರದು ಎಂದು ಎಲ್ಲ ದೇವರಿಗೂ ಹೇಳುವ ನಿಯಮವನ್ನೇ ಹೇಳಿ ಕಳಿಸಿದ.

ಕಚೇರಿಗೆ ಹೋಗುವ ಗಾಡಿ ಬೇವುಕುಂಟೆಯ ಮೇಲೆ ಹಾಯ್ದು ಹೋಗಬೇಕಿತ್ತು. ಎತ್ತುಗಳು ಹೆಜ್ಜೆ ಎಣಿಸಿ ನಡೆದವು. ಬಿಳಿ ಬಟ್ಟೆಯ ಆ ದುಂಡನೆಯದು ಕಾಣುತ್ತಿದ್ದಂತೆ ಬೇವುಕುಂಟೆಯ ಬೀದಿ ಖಾಲಿಯಾಯಿತು. ರಾಮಚಂದ್ರಪ್ಪನ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಬಿತ್ತು. ಅಪ್ಪಾಜಪ್ಪನವರು ಗಾಡಿಯ ಮೂಕಿಯ ಮೇಲೆ ಕೂತು ಎಡಕ್ಕೂ ಬಲಕ್ಕೂ ನಿಧಾನವಾಗಿ ನೋಡಿದರು. ಅವರ ಜೀವನದಲ್ಲಿ ಅಷ್ಟು ಸುಖದ ಪ್ರಯಾಣ ಇನ್ನೊಂದಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ಇರಲಿಲ್ಲ, ಹಳ್ಳಿಗಳ ಕಂದಾಯದ ಲೆಕ್ಕ ನೋಡಲು ಜಮಾಬಂದಿಗೆ ಹೋಗಿದ್ದರು. ಟಪಾಲು ಗುಮಾಸ್ತರು ಸೊಣ್ಣಪ್ಪ ಕೊಟ್ಟ ಕಾಗದದ ಕೊನೆಯ ಸಾಲಿಗೆ ಹೋದರು. ಮೇಲಿನ ಸಾಲುಗಳನ್ನು ಓದುವುದು ಅವರ ಕೆಲಸಕ್ಕೆ ಸೇರಿರಲಿಲ್ಲ.

"ಲಗತ್ತು, ಬಾಂಬು ಒಂದು," ಎಂದು ಓದಿದರು. "ಒಂದೇನಾ?"

"ಸದ್ಯಕ್ಕೆ ಒಂದು," ಎಂದರು ಅಪ್ಪಾಜಪ್ಪ, ಬೇವುಕುಂಟೆಯನ್ನು ನೆನೆದು.

ಗುಮಾಸ್ತರು ದಫ್ತರದಲ್ಲಿ "ಬಾಂಬು, ಸದ್ಯಕ್ಕೆ ಒಂದು" ಎಂದು ಬರೆದುಕೊಂಡು, ಮೊಹರು ಒತ್ತಿ, ರಸೀತಿ ಹರಿದುಕೊಟ್ಟರು. "ಜಗುಲಿ ಮೇಲೆ, ಗೋಡೆ ಪಕ್ಕ ಇಡಿ. ಓಡಾಡೋರ ಕಾಲಿಗೆ ತಗಲ್ದಂಗೆ," ಎಂದರು.

ಆ ರಸೀತಿಯನ್ನು ಚಾವಡಿಯ ಗೋಡೆಗೆ ಅಂಟಿಸಿದರು. ಸರ್ಕಾರದ ಮೊಹರು ಬಿದ್ದ ಮೇಲೆ ಅಧ್ಯಕ್ಷರ ಬುದ್ಧಿಯ ಪ್ರಶ್ನೆ ಉಳಿಯಲಿಲ್ಲ. ಸೊಣ್ಣಪ್ಪ ಮನೆಗೆ ಹೋಗಿ ಎರಡು ಮುದ್ದೆ ಉಂಡ. ಮುನಿಗಂಗಮ್ಮ ಮೂರನೆಯದನ್ನೂ ಹಾಕಿ, "ಇನ್ನು ಕೆಮ್ಮಿದ್ದೊಂದು ಬರೀಬೇಡಿ," ಎಂದಳು.

ಆದರೆ ಹುಣಸಗುಟ್ಟಕ್ಕೆ ಬಾಂಬಿನ ರಸೀತಿ ಇದ್ದು ಬೇವುಕುಂಟೆಗೆ ಇಲ್ಲ ಎಂಬುದನ್ನು ರಾಮಚಂದ್ರಪ್ಪ ಹೇಗೆ ಸಹಿಸಿಯಾನು? ಮುಂದಿನ ವಾರ ಹಳೆಯ ಗಾಣದ ಕಲ್ಲುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದು, "ಲಗತ್ತು: ಬಾಂಬು ಎರಡು" ಎಂದು ಕೊಟ್ಟು ರಸೀತಿ ಪಡೆದ. ಸುದ್ದಿ ಹರಡಿತು. ಗಡಿ ಜಗಳವಿಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಯಾವುದಿದೆ? ಒರಳುಕಲ್ಲು, ಕಣದ ಗುಂಡು, ಸೇದುವ ಬಾವಿಯ ಚಪ್ಪಡಿ, ಒಂದೊಂದೂ ಹುಲ್ಲು ಸುತ್ತಿಕೊಂಡು ಬಂತು. ಜಗುಲಿಯಲ್ಲಿ ಜಾಗ ಸಾಲದೆ ಹುಣಸೆಮರದ ಕೆಳಗೆ ಇಟ್ಟರು. ಜಮಾಬಂದಿ ಮುಗಿಸಿ ದಣಿದು ಬಂದ ಅಮಲ್ದಾರರು ಗುಮಾಸ್ತರು ಮುಂದಿಟ್ಟ ತಿಂಗಳ ವರದಿಗೆ, ನೌಕರಿಯಲ್ಲಿ ಮೊದಲ ಸಲ, ಓದದೆ ರುಜು ಹಾಕಿದರು. "ಈ ತಿಂಗಳು ಸ್ವೀಕರಿಸಿದ ಆಟಂ ಬಾಂಬು: ಹನ್ನೊಂದು" ಎಂಬ ಸಾಲು ಹಾಗೇ ಮೇಲಿನ ಕಚೇರಿಗೆ ಹೋಯಿತು.

ಅಲ್ಲಿಯೂ ಒಬ್ಬರು ಓದುವವರಿದ್ದರು.

ಕಾರ್ತಿಕದ ಹೊತ್ತಿಗೆ ತಾಲ್ಲೂಕಿನ ಎಲ್ಲ ಪಂಚಾಯಿತಿಗಳಿಗೂ ಗುಟ್ಟಿನ ಪತ್ರವೊಂದು ಬಂತು. ತಮ್ಮ ಅಮಲ್ದಾರರ ಬುದ್ಧಿ ಸ್ವಾಧೀನದಲ್ಲಿದೆಯೇ? ಅವರನ್ನು ಬಲ್ಲ ಪಂಚಾಯಿತಿಗಳು ಸಭೆ ಸೇರಿ ಅಭಿಪ್ರಾಯ ತಿಳಿಸತಕ್ಕದ್ದು. ಸೊಣ್ಣಪ್ಪ ಅದನ್ನು ಗಟ್ಟಿಯಾಗಿ ಓದಿ ಮುಗಿಸಿದಾಗ ಚಾವಡಿಯಲ್ಲಿದ್ದವರು ಗೋಡೆಯ ರಸೀತಿ ನೋಡಿದರು.

"ಪಾಪ, ಒಳ್ಳೆ ಮನುಷ್ಯ," ಎಂದರು ಅಪ್ಪಾಜಪ್ಪ. "ನಮ್ಮ ಬಾಂಬು ಇಸ್ಕೊಂಡವ್ರೆ. ಒಳ್ಳೇದೇ ಬರಿ."

ಸೊಣ್ಣಪ್ಪ ಬಹಳ ಹೊತ್ತು ಯೋಚಿಸಿದ. ಅವನು ಸುಳ್ಳು ಬರೆಯುವವನಲ್ಲ. ಆಮೇಲೆ ಬರೆದು ಓದಿ ಹೇಳಿದ: "ಅಮಲ್ದಾರರ ಬುದ್ಧಿ ನಮ್ಮ ಅಧ್ಯಕ್ಷರ ಬುದ್ಧಿಯಷ್ಟೇ ಸ್ವಾಧೀನದಲ್ಲಿದೆ ಎಂದು ಸಭೆ ಸರ್ವಾನುಮತದಿಂದ ಅಭಿಪ್ರಾಯಪಟ್ಟಿತು. ಅಧ್ಯಕ್ಷರ ಬಗ್ಗೆ ಹಿಂದಿನ ನಡವಳಿಗಳ ನಕಲು ಲಗತ್ತಿಸಿದೆ."

ಅಪ್ಪಾಜಪ್ಪನವರಿಗೆ ಅದು ಬಹಳ ಹಿಡಿಸಿತು. "ನನ್ನಷ್ಟೇ ಅಂತ ಬರೆದವ್ನೆ ನೋಡ್ರಪ್ಪ," ಎಂದು ಎಲ್ಲರಿಗೂ ಹೇಳಿದರು. ಆ ಅಮಲ್ದಾರರಿಗೆ ಆ ತಿಂಗಳೇ ಮೂರು ತಿಂಗಳ ವಿಶ್ರಾಂತಿ ಸಿಕ್ಕಿತು ಎಂಬುದು ಮುಂದಿನ ಮಾತು.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಕ್ಕಯಮ್ಮ ಬಿಂದಿಗೆ ಕೆಳಗಿಟ್ಟು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಇಷ್ಟು ಜನದಲ್ಲಿ ನೀನೊಬ್ಬನೇ ಕಣಪ್ಪ ಬುದ್ಧಿ ನೆಟ್ಟಗಿರೋನು," ಎಂದು ಸೊಣ್ಣಪ್ಪನಿಗೆ ಹೇಳಿದರು.

ಸಭೆ ಇನ್ನೂ ಮುಗಿದಿರಲಿಲ್ಲ. ಸೊಣ್ಣಪ್ಪ ಅದನ್ನೂ ಬರೆದುಕೊಂಡು ಪುಸ್ತಕವನ್ನು ಮುಂದೆ ತಳ್ಳಿದ. ನಾಲ್ವರು ಹೆಬ್ಬೆಟ್ಟು ಒತ್ತಿದರು, ಅಧ್ಯಕ್ಷರು ಅರ್ಧ ಗಳಿಗೆ ತೆಗೆದುಕೊಂಡು ರುಜು ಹಾಕಿದರು.